ಕಾರು ನಿಮ್ದು, ಬೀಗ ಕಂಪನಿದು: ಡಮ್ಮಿ ಬಟನ್ ಹಿಂದಿನ ಎಕನಾಮಿಕ್ಸ್

ನಮಸ್ಕಾರ. ನಮ್ಮನೇಲಿ ಒಂದು ಕಾರಿದೆ, ಬೇಸ್ ಮಾಡೆಲ್ಲು. ಸ್ಟೀರಿಂಗ್ ಪಕ್ಕ ಸಾಲಾಗಿ ನಾಲ್ಕು ಬಟನ್ ಜಾಗ, ಅದ್ರಲ್ಲಿ ನಿಜವಾದ ಬಟನ್ ಒಂದೇ, ಮಿಕ್ಕ ಮೂರು ಬರೀ ಪ್ಲಾಸ್ಟಿಕ್ ಮುಚ್ಚಳ. ಏಳು ವರ್ಷದಿಂದ ಆ ಮೂರು ಮುಚ್ಚಳ ನನ್ನ ಮುಖ ನೋಡಿ ಕಿಸಿತಾನೇ ಇವೆ, ಇನ್ನೊಂದು ಲಕ್ಷ ಸೇರ್ಸಿದ್ರೆ ನಾವೂ ಕೆಲಸ ಮಾಡ್ತಿದ್ವಲ್ಲ ಗುರು ಅಂತ.

[ಸ್ಕ್ರೀನ್ ಮೇಲೆ: ಡಮ್ಮಿ ಬಟನ್ ಕ್ಲೋಸಪ್]

ಟಾಪ್ ಎಂಡ್‌ಗೂ ಬೇಸ್‌ಗೂ ಡ್ಯಾಶ್‌ಬೋರ್ಡ್ ಅಚ್ಚು ಒಂದೇ, ಎರಡೆರಡು ಅಚ್ಚು ಮಾಡ್ಸೋಕೆ ಖರ್ಚು ಜಾಸ್ತಿ, ಅದಕ್ಕೆ ಮುಚ್ಚಳ ಹಾಕಿ ಕೊಡ್ತಾರೆ. ಇಷ್ಟು ಎಲ್ರಿಗೂ ಅರ್ಥ ಆಗುತ್ತೆ. ತಮಾಷೆ ಶುರುವಾಗೋದು ಎಲ್ಲಿ ಅಂದ್ರೆ, ಕಂಪನಿ ತಾನೇ ಖರ್ಚು ಮಾಡ್ಕೊಂಡು ಚೆನ್ನಾಗಿರೋ ಮಾಲನ್ನ ಕೆಡಿಸಿ ಮಾರುತ್ತಲ್ಲ, ಅಲ್ಲಿ.

1990ರಲ್ಲಿ ಐಬಿಎಂ ಒಂದು ಕಡಿಮೆ ಬೆಲೆ ಪ್ರಿಂಟರ್ ಬಿಡ್ತು. ಮಾಮೂಲಿ ಪ್ರಿಂಟರ್ ನಿಮಿಷಕ್ಕೆ 10 ಪೇಜ್, ಇದು 5 ಪೇಜ್. ಒಳಗಡೆ ಹೆಚ್ಚುಕಮ್ಮಿ ಅದೇ ಮೆಷಿನ್ನು, ಮಧ್ಯಮಧ್ಯ ಸುಮ್ನೆ ಕೈ ಕಟ್ಕೊಂಡು ಕಾಯೋ ಹಾಗೆ ಮಾಡಿದ್ರು ಅಷ್ಟೇ. ಮುಂದಿನ ವರ್ಷ ಇಂಟೆಲ್ 486 ಎಸ್‌ಎಕ್ಸ್ ಅಂತ ಒಂದು ಕಂಪ್ಯೂಟರ್ ಚಿಪ್ ತಂತು, ಶುರುವಿನ ಚಿಪ್‌ಗಳಲ್ಲಿ ದಶಮಾಂಶದ ಲೆಕ್ಕ ಬೇಗ ಮಾಡೋ ಭಾಗ ಒಳಗೇ ಇತ್ತು, ಅದನ್ನ ಆಫ್ ಮಾಡಿ ಕಡಿಮೆ ರೇಟಿಗೆ ಮಾರಿದ್ರು. ಎಕನಾಮಿಕ್ಸ್‌ನೋರು ಇದಕ್ಕೆ 'ಡ್ಯಾಮೇಜ್ಡ್ ಗೂಡ್ಸ್' ಅಂತಾನೇ ಹೆಸರಿಟ್ಟಿದ್ದಾರೆ, ಅಂದ್ರೆ ಬೇಕಂತ ಕೆಡಿಸಿದ ಮಾಲು.

ಯಾಕೆ ಹೀಗೆ? ನಮ್ಮೂರ ಹೋಟ್ಲನ್ನೇ ತಗೊಳ್ಳಿ. ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಹಾಲು. ಅಡುಗೆಮನೆ ಒಂದೇ, ದೋಸೆ ಅದೇ, ಚಟ್ನಿ ಅದೇ, ಮೇಲೆ ಹತ್ತಿದ್ರೆ ರೇಟ್ ಜಾಸ್ತಿ. ಈಗ ಓನರು ಕೆಳಗೂ ಮೆತ್ತನೆ ಕುರ್ಚಿ, ತಣ್ಣನೆ ಎಸಿ ಹಾಕ್ಬಿಟ್ರೆ ಮೇಲೆ ಯಾವನು ಹತ್ತುತ್ತಾನೆ? ಜಾಸ್ತಿ ಕೊಡೋ ತಾಕತ್ತಿರೋನೂ ಕೆಳಗೇ ಕೂತ್ಕೋತಾನೆ. ಸೋ ಕೆಳಗಡೆ ಸ್ವಲ್ಪ ಕಷ್ಟ ಆಗ್ತಾನೇ ಇರ್ಬೇಕು. ಫ್ರಾನ್ಸಿನ ಇಂಜಿನಿಯರ್ ಜೂಲ್ ಡುಪ್ವಿ 1849ರಲ್ಲೇ ರೈಲಿನ ಬಗ್ಗೆ ಇದನ್ನೇ ಬರ್ದಿದ್ರು: ಥರ್ಡ್ ಕ್ಲಾಸ್ ಬೋಗಿಗೆ ಚಾವಣಿ ಇಲ್ಲದೆ ಇರೋದು ಚಾವಣಿಗೆ ದುಡ್ಡಿಲ್ಲ ಅಂತಲ್ಲ, ಬಡವರ ಮೇಲಿನ ಸಿಟ್ಟಿಗೂ ಅಲ್ಲ, ಸೆಕೆಂಡ್ ಕ್ಲಾಸ್ ಟಿಕೆಟ್ ತಗೊಳ್ಳೋ ಶಕ್ತಿ ಇರೋನು ಥರ್ಡ್ ಕ್ಲಾಸ್ ಹತ್ಬಾರ್ದು ಅಂತ. ಮಳೇಲಿ ನೆನೆಯೋನು ಬಡವ, ಹೆದರಿಸ್ತಿರೋದು ಪಕ್ಕದೋನ್ನ!

ಆದ್ರೆ ಇದೆಲ್ಲ ಮೋಸ ಅಂತ ನಾನು ಹೇಳಲ್ಲ. 2016ರಲ್ಲಿ ಟೆಸ್ಲಾ 'ಮಾಡೆಲ್ ಎಸ್ 60' ಅಂತ ಮಾರ್ತು, ಒಳಗಿದ್ದಿದ್ದು 75 ಕಿಲೋವ್ಯಾಟ್ ಅವರ್ ಬ್ಯಾಟರಿ, ಸಾಫ್ಟ್‌ವೇರ್ ಬೀಗ ಹಾಕಿ 60 ಮಾಡಿದ್ರು. ತಗೊಂಡೋನಿಗೆ ಕಡಿಮೆ ದುಡ್ಡಿಗೆ ಕಾರ್ ಸಿಕ್ತು, ಖುಷಿ ಪಟ್ಟ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾ ಕಡೆ ಬಂದು ಜನ ಊರು ಬಿಟ್ಟು ಓಡೋವಾಗ, ಕಂಪನಿ ದೂರದಲ್ಲಿ ಕೂತ್ಕೊಂಡೇ ಆ ಬೀಗ ತೆಗೀತು, ಕೆಲವು ದಿನದ ಮಟ್ಟಿಗೆ ಸುಮಾರು 50 ಕಿಲೋಮೀಟರ್ ಜಾಸ್ತಿ ಓಡೋ ಹಾಗಾಯ್ತು. ಒಳ್ಳೇ ಕೆಲಸಾನೇ. ಆದ್ರೆ ಅವತ್ತು ತುಂಬಾ ಜನಕ್ಕೆ ತಲೆಗೆ ಹೊಳೆದಿದ್ದು ಬೇರೆ, ಅಲ್ಲಪ್ಪಾ ತೆಗೆಯೋಕೆ ಬರುತ್ತೆ ಅಂದ್ರೆ ಹಾಕೋಕೂ ಬರುತ್ತಲ್ವಾ ಅಂತ.

ಹಳೇ ಡಮ್ಮಿ ಬಟನ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲಿದೆ ನೋಡಿ. ಬೇಸ್ ಮಾಡೆಲ್ ತಗೊಂಡು ಸೀದಾ ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋದ್ರೆ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಕ್ಯಾಮೆರಾ, ಏನ್ ಬೇಕೋ ಹಾಕ್ಸ್ಕೊಂಡು ಬರಬಹುದು, ರೇಟಲ್ಲಿ ಚೌಕಾಸಿನೂ ಮಾಡಬಹುದು. ಕಂಪನಿಗೆ ಪೈಪೋಟಿ ಕೊಡೋಕೆ ಅಲ್ಲೊಂದು ಅಂಗಡಿ ಇದೆ. ಸಾಫ್ಟ್‌ವೇರ್ ಬೀಗಕ್ಕೆ ಕೀ ಇರೋ ಅಂಗಡಿ ಮಾತ್ರ ಒಂದೇ.

ಅಂಗಡಿ ಒಂದೇ ಆದ್ಮೇಲೆ ಬಾಡಿಗೆ ಕೇಳೋದು ತಡ ಆಗಲ್ಲ. 2022ರಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾದ ವೆಬ್‌ಸೈಟಲ್ಲಿ ಸೀಟ್ ಬಿಸಿ ಮಾಡೋಕೆ ತಿಂಗಳಿಗೆ ಸುಮಾರು 18 ಡಾಲರ್ ಅಂತ ಹಾಕಿತ್ತು, ಹೀಟರ್ ಸೀಟೊಳಗೇ ಇದೆ, ಅದರ ಭಾರ ಹೊರೋ ಪೆಟ್ರೋಲ್ ನಿಮ್ಮದೇ, ಆನ್ ಮಾಡೋಕೆ ಮಾತ್ರ ತಿಂಗಳ ಬಾಡಿಗೆ. ಜನ ಎಷ್ಟು ಉಗಿದ್ರು ಅಂದ್ರೆ 2023ರಲ್ಲಿ ಆ ಐಡಿಯಾನೇ ಕೈಬಿಟ್ರು.

ಗೇಮ್ ಆಡೋರಿಗೆ ಇದೇನೂ ಹೊಸದಲ್ಲ. ಡಿಸ್ಕ್ ಕಾಲದಲ್ಲಿ ಆಡಿ ಮುಗಿಸಿ ಅರ್ಧ ರೇಟಿಗೆ ಮಾರ್ತಿದ್ವಿ, ಆ ಅರ್ಧ ರೇಟಲ್ಲಿ ಕಂಪನಿಗೆ ಚಿಕ್ಕಾಸೂ ಸಿಗ್ತಿರ್ಲಿಲ್ಲ. ಅದಕ್ಕೆ 2010ರಲ್ಲಿ ಇಎ ಅನ್ನೋ ಗೇಮ್ ಕಂಪನಿ 'ಆನ್‌ಲೈನ್ ಪಾಸ್' ತಂತು. ಹೊಸ ಡಿಸ್ಕ್ ಜೊತೆ ಒಂದ್ಸಲ ಮಾತ್ರ ನಡೆಯೋ ಕೋಡ್, ಸೆಕೆಂಡ್ ಹ್ಯಾಂಡ್ ತಗೊಂಡೋನು ಆನ್‌ಲೈನ್ ಆಡ್ಬೇಕಂದ್ರೆ ಮತ್ತೆ 10 ಡಾಲರ್ ಕಕ್ಕಬೇಕು. 2013ರಲ್ಲಿ ನಿಲ್ಲಿಸಿದ್ರು, ಅಷ್ಟೊತ್ತಿಗೆ ಡೌನ್‌ಲೋಡ್ ಕಾಲ ಬಂತು, ಡೌನ್‌ಲೋಡ್ ಮಾಡಿದ ಗೇಮನ್ನ ಮಾರೋಕೇ ಆಗಲ್ವಲ್ಲ.

ಇನ್ನು ಯೂಬಿಸಾಫ್ಟ್‌ನ 'ದಿ ಕ್ರೂ', ಅದೂ ಕಾರ್ ಗೇಮೇ ಅನ್ನಿ. 2014ರಲ್ಲಿ ಬಂದಿದ್ದು, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್, ಒಬ್ನೇ ಕೂತು ಆಡೋ ಭಾಗಾನೂ ಬಂದ್. ಡಿಸ್ಕ್ ಇಟ್ಕೊಂಡೋರು ಲೋಟದ ಕೆಳಗೆ ಇಟ್ಕೋಬೇಕು. ಆ ಸಿಟ್ಟಲ್ಲಿ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನಕ್ಕೆ 2025ರ ಜುಲೈಲಿ ಯುರೋಪಲ್ಲಿ 10 ಲಕ್ಷ ಸಹಿ ದಾಟ್ತು.

ನಮ್ಮಲ್ಲೂ ಇದರ ಇನ್ನೊಂದು ರೂಪ ಬಂದಿತ್ತು. ಬೆಂಗಳೂರಿನ ಓಲಾ, ಏಥರ್ ಸೇರಿ ಕೆಲವು ಕಂಪನಿಗಳು ಎಲೆಕ್ಟ್ರಿಕ್ ಸ್ಕೂಟರ್‌ಗೆ ಒಂದು ಬಿಲ್ಲು, ಚಾರ್ಜರ್‌ಗೆ ಇನ್ನೊಂದು ಬಿಲ್ಲು ಮಾಡ್ತಿದ್ವು. ಸಬ್ಸಿಡಿ ಸಿಗ್ಬೇಕಂದ್ರೆ ಫ್ಯಾಕ್ಟರಿ ಬೆಲೆ ಒಂದೂವರೆ ಲಕ್ಷದೊಳಗೆ ಇರ್ಬೇಕಿತ್ತು, ಅದಕ್ಕೇ ಹೀಗೆ ಬಿಡಿಬಿಡಿ ಮಾಡಿದ್ದು ಅನ್ನೋದು ತಕರಾರು. 2023ರಲ್ಲಿ ಚಾರ್ಜರ್ ದುಡ್ಡು ವಾಪಸ್ ಕೊಡೋಕೆ ಒಪ್ಕೊಂಡ್ವು, ಓಲಾದೇ ಸುಮಾರು 130 ಕೋಟಿ. ಚಾರ್ಜರ್ ಇಲ್ಲದ ಎಲೆಕ್ಟ್ರಿಕ್ ಸ್ಕೂಟರು, ಸಾಂಬಾರ್ ಬೇರೆ ಬಿಲ್ ಮಾಡೋ ಇಡ್ಲಿ ಹೋಟ್ಲು ಇದ್ದಂಗೆ.

ನನ್ನ ತಲೆ ಕೆಡಿಸೋದು ಸೆಕೆಂಡ್ ಹ್ಯಾಂಡ್ ವಿಷ್ಯ. 2019ರ ಕೊನೇಲಿ ಅಮೆರಿಕದಲ್ಲಿ ಒಬ್ರು ಡೀಲರ್ ಹತ್ರ ಹಳೇ ಟೆಸ್ಲಾ ತಗೊಂಡ್ರು, ಆಟೋಪೈಲಟ್, ಅಂದ್ರೆ ಕಾರ್ ಓಡಿಸೋಕೆ ತಾನೇ ಸಹಾಯ ಮಾಡೋ ಫೀಚರು, ಇದೆ ಅಂತ ನೋಡೇ ತಗೊಂಡಿದ್ದು, ಆಮೇಲೆ ಕಂಪನಿ ಆ ಫೀಚರನ್ನ ರಿಮೋಟಲ್ಲೇ ಕಿತ್ಕೊಳ್ತು, ನೀವು ದುಡ್ಡು ಕೊಟ್ಟಿಲ್ಲ ಅಂತ. ಸುದ್ದಿ ಆದ್ಮೇಲೆ ವಾಪಸ್ ಹಾಕಿದ್ರು. ನಮ್ಮಲ್ಲಿ ಹಳೇ ಕಾರ್ ನೋಡೋಕೆ ಹೋಗುವಾಗ ಪರಿಚಯದ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗ್ತೀವಿ, ಅವ್ನು ಬಾನೆಟ್ ಎತ್ತಿ, ಟೈರ್ ಒದ್ದು, ಇಂಜಿನ್ ಸೌಂಡ್ ಕೇಳಿ ಹೇಳ್ತಾನೆ. ಯಾವ ಫೀಚರು ಕಾರಿನ ಜೊತೆ ಬರುತ್ತೆ, ಯಾವುದು ಹಳೇ ಓನರ್ ಅಕೌಂಟ್ ಜೊತೆ ಹೋಗುತ್ತೆ ಅನ್ನೋದು ಯಾವ ಬಾನೆಟ್ ಎತ್ತಿದ್ರೂ ಕಾಣಲ್ಲ.

ನಿಮ್ಮ ಗಾಡೀಲಿ ಎಷ್ಟು ಡಮ್ಮಿ ಬಟನ್ ಇದೆ ಎಣಿಸಿ ಕಮೆಂಟ್ ಹಾಕಿ. ನನ್ನದು ಮೂರು. ಮೊನ್ನೆ ಒಂದು ಒತ್ತಿ ಒತ್ತಿ ಒಳಗೇ ಹೋಗ್ಬಿಡ್ತು, ಈಗ ಅಲ್ಲಿ ಟೋಲ್ ಚೀಟಿ ಸಿಗಿಸ್ತೀನಿ.