ಪ್ಯಾಸೆಂಜರ್ ರೈಲು ನಿಂತ ಮೇಲೆ ಗೂಡ್ಸ್ ಗಾಡಿಯ ಗತಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಗರಕ್ಕೂ ಹೊರವಲಯದ ಊರುಗಳಿಗೂ ನಡುವೆ ರೈಲು ಓಡಿಸುವುದು ಸೆಪ್ಟಾ ಎಂಬ ಸಾರಿಗೆ ಸಂಸ್ಥೆ. 2025ರ ಏಪ್ರಿಲ್‌ನಲ್ಲಿ ಅದು 21.3 ಕೋಟಿ ಡಾಲರ್ ಕೊರತೆ ತೋರಿಸಿ, ಐದು ರೈಲು ಮಾರ್ಗಗಳನ್ನು ಮುಚ್ಚುವ ಪ್ರಸ್ತಾವ ಮುಂದಿಟ್ಟಿತು. ಊರೆಲ್ಲ ಚರ್ಚೆಯಾದದ್ದು ಪ್ರಯಾಣಿಕರ ಪಾಡು. ಅಂಥ ಹಳಿಗಳನ್ನು ಹಂಚಿಕೊಂಡು ಓಡುವ ಸರಕು ಗಾಡಿಗಳ ಮಾತು ಎತ್ತಿದವರು ಕಡಿಮೆ.

ಪಟ್ಟಿಯನ್ನೇ ನೋಡೋಣ. ಪಾವೋಲಿ, ಟ್ರೆಂಟನ್, ವಿಲ್ಮಿಂಗ್ಟನ್ ಮಾರ್ಗಗಳ ಹಳಿ ದೂರದೂರಿನ ಪ್ರಯಾಣಿಕರ ರೈಲು ಓಡಿಸುವ ರಾಷ್ಟ್ರೀಯ ಕಂಪನಿ ಆಮ್‌ಟ್ರ್ಯಾಕ್‌ನದು. ಸೆಪ್ಟಾ ಗಾಡಿ ನಿಂತರೂ ಅಲ್ಲಿ ದೂರದ ರೈಲುಗಳು ಓಡುತ್ತಲೇ ಇರುತ್ತವೆ, ಹಾಗಾಗಿ ಹಳಿಗೆ ಧಕ್ಕೆಯಿಲ್ಲ. ಉಳಿದ ಚೆಸ್ಟ್‌ನಟ್ ಹಿಲ್ ವೆಸ್ಟ್ ಮತ್ತು ಸಿನ್‌ವಿಡ್ ಪುಟ್ಟ ಕವಲುಗಳು. ಅಲ್ಲಿ ಸರಕು ಸಾಗಣೆ ನಿಂತು ಕಾಲವಾಯಿತು. ಸರಕಿನ ದೃಷ್ಟಿಯಿಂದ ಚಿಂತೆ ಇರುವುದು ಪಟ್ಟಿಯ ಹೊರಗಿದ್ದ ಲ್ಯಾನ್ಸ್‌ಡೇಲ್, ಡಾಯ್ಲ್ಸ್‌ಟೌನ್, ವಾರ್ಮಿನ್‌ಸ್ಟರ್ ಕಡೆ. ಅಲ್ಲಿ ಹಳಿ ಸೆಪ್ಟಾದ್ದು. ಅದರ ಮೇಲೆ 2011ರಿಂದ ಪೆನ್ಸಿಲ್ವೇನಿಯಾ ನಾರ್ತ್‌ಈಸ್ಟರ್ನ್ ಎಂಬ ಸಣ್ಣ ಕಂಪನಿ ಗೂಡ್ಸ್ ಓಡಿಸುತ್ತಿದೆ. ನಮ್ಮಲ್ಲಿ ಹಳಿ, ಪ್ಯಾಸೆಂಜರ್, ಗೂಡ್ಸ್ ಎಲ್ಲವೂ ಭಾರತೀಯ ರೈಲ್ವೆಯ ಒಂದೇ ಸೂರಿನಡಿ ಇರುವುದರಿಂದ ಈ ಏರ್ಪಾಡು ವಿಚಿತ್ರವಾಗಿ ಕಾಣಬಹುದು. ಅಲ್ಲಿ ಹಳಿಯ ಒಡೆಯ ಒಬ್ಬ, ಸರಕಿನ ಹಕ್ಕು ಇನ್ನೊಬ್ಬನದು.

ಇಂಥ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ನಿಂತರೆ ಗೂಡ್ಸ್ ಮರುದಿನವೇ ನಿಲ್ಲುವುದಿಲ್ಲ. ಮೊದಮೊದಲು ಅನುಕೂಲವೇ. ಹಗಲಲ್ಲೂ ದಾರಿ ಖಾಲಿ, ರಾತ್ರಿಯವರೆಗೆ ಕಾಯಬೇಕಿಲ್ಲ. ಪೆಟ್ಟು ಬೀಳುವುದು ಹಳಿಯ ಆರೈಕೆಗೆ. ಸೇತುವೆ, ಮೋರಿ, ಸಿಗ್ನಲ್, ಕಳೆ ತೆಗೆಯುವುದು, ಇದರ ದೊಡ್ಡ ಪಾಲು ಪ್ರಯಾಣಿಕರ ಲೆಕ್ಕದಲ್ಲಿ ನಡೆಯುತ್ತಿತ್ತು. ಗೂಡ್ಸ್ ಕಂಪನಿ ಕೊಡುತ್ತಿದ್ದುದು ಬಳಸಿದಷ್ಟಕ್ಕೆ ಬಾಡಿಗೆ. ವಾರಕ್ಕೆ ಹತ್ತಿಪ್ಪತ್ತು ವ್ಯಾಗನ್ ಎಳೆಯುವವನು ಒಂದು ಸೇತುವೆ ರಿಪೇರಿ ಹೊರಲಾರ.

ಅಲ್ಲಿನ ಕೇಂದ್ರ ಸರ್ಕಾರದ ನಿಯಮ ಹಳಿಯನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಮೂರನೇ ದರ್ಜೆಯಲ್ಲಿ ಗೂಡ್ಸ್ ಗಂಟೆಗೆ 40 ಮೈಲಿ ಓಡಬಹುದು, ಎರಡನೇ ದರ್ಜೆಯಲ್ಲಿ 25, ಒಂದನೇ ದರ್ಜೆಯಲ್ಲಿ ಬರೀ 10. 39 ಅಡಿ ಹಳಿಯ ಕೆಳಗೆ ಸುಮಾರು 24 ಸ್ಲೀಪರ್, ಅಂದರೆ ಕಂಬಿ ಹೊರುವ ಅಡ್ಡ ದಿಮ್ಮಿಗಳು, ಇರುತ್ತವೆ. ನೇರ ದಾರಿಯಲ್ಲಿ ಮೂರನೇ ದರ್ಜೆಗೆ ಅದರಲ್ಲಿ 8 ಗಟ್ಟಿ ಇರಬೇಕು, ಒಂದನೇ ದರ್ಜೆಗೆ 5 ಸಾಕು. ಆರೈಕೆ ನಿಂತ ಹಳಿ ಕೆಲವೇ ಮಳೆಗಾಲ, ಹಿಮಗಾಲಗಳಲ್ಲಿ ಈ ಮೆಟ್ಟಿಲು ಇಳಿಯುತ್ತದೆ. ಚರಂಡಿ ಕಟ್ಟಿಕೊಂಡು ಜಲ್ಲಿಯ ಸಂದಿಗೆ ಕೆಸರು ತುಂಬಿತೆಂದರೆ ಮರದ ಸ್ಲೀಪರ್ ಕೊಳೆಯಲು ಬೇರೇನೂ ಬೇಡ.

ಇನ್ನೊಂದು ತೊಂದರೆ ಲೆವೆಲ್ ಕ್ರಾಸಿಂಗ್‌ನದು. ಇದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಗಾಡಿಯ ಗಾಲಿ ಮತ್ತು ಅಚ್ಚು ಎರಡು ಕಂಬಿಗಳನ್ನು ಕೂಡಿಸಿದಾಗ ರಿಲೇ ಎಂಬ ವಿದ್ಯುತ್ ಸ್ವಿಚ್ ಬೀಳುತ್ತದೆ, ಗಂಟೆ ಹೊಡೆಯುತ್ತದೆ, ಗೇಟು ಇಳಿಯುತ್ತದೆ. ದಿನಕ್ಕೆ ಹತ್ತಾರು ಪ್ಯಾಸೆಂಜರ್ ಗಾಡಿ ಓಡುವಾಗ ಕಂಬಿಯ ತಲೆ ಥಳಥಳ ಹೊಳೆಯುತ್ತಿರುತ್ತದೆ. ವಾರಕ್ಕೆರಡು ಗೂಡ್ಸ್ ಮಾತ್ರ ಓಡಿದರೆ ತುಕ್ಕಿನ ಪದರ ಕೂರುತ್ತದೆ, ಗಾಲಿಗೂ ಕಂಬಿಗೂ ಸಂಪರ್ಕ ಕೈಕೊಡುತ್ತದೆ. ಎಂಜಿನ್ ಬಂದು ರಸ್ತೆಯ ಹತ್ತಿರ ನಿಂತರೂ ಗೇಟು ಮೇಲೇ ಇರಬಹುದು. ಎಂಜಿನ್ನಿನ ಹಿಂದೆ ಒಂದೆರಡೇ ಖಾಲಿ ವ್ಯಾಗನ್ ಇದ್ದಾಗ ಅಪಾಯ ಇನ್ನೂ ಹೆಚ್ಚು. ಆಗ ಉಳಿಯುವ ದಾರಿ ಒಂದೇ: ಗಾಡಿ ನಿಲ್ಲಿಸಿ, ಸಿಬ್ಬಂದಿಯೊಬ್ಬ ಇಳಿದು, ಬಾವುಟವೋ ದೀಪವೋ ಹಿಡಿದು ವಾಹನ ತಡೆದು, ಎಂಜಿನ್ ರಸ್ತೆ ದಾಟಿದ ಮೇಲೆ ಮತ್ತೆ ಹತ್ತುವುದು.

ಲೆಕ್ಕ ಹಾಕಿ. 20 ಮೈಲಿಯ ಕವಲು, 12 ಕ್ರಾಸಿಂಗ್ ಅಂದುಕೊಳ್ಳಿ. 40ರ ವೇಗದಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ದಾರಿಗೆ 10ರ ವೇಗದಲ್ಲಿ ಎರಡು ಗಂಟೆ. ಕ್ರಾಸಿಂಗ್‌ಗೆ 5 ನಿಮಿಷದಂತೆ ಇನ್ನೊಂದು ಗಂಟೆ. ಹೋಗಿಬರಲು ಆರು ಗಂಟೆ ಅಲ್ಲೇ ಕಳೆಯಿತು. ಸಿಬ್ಬಂದಿಯನ್ನು ಕಾನೂನಿನ ಪ್ರಕಾರ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮಿಕ್ಕ ಆರು ಗಂಟೆಯಲ್ಲಿ ಸೈಡಿಂಗ್‌ಗಳಿಗೆ, ಅಂದರೆ ಗಿರಾಕಿಗಳ ಅಂಗಳಕ್ಕೆ ಹೋಗುವ ಪಕ್ಕದ ಹಳಿಗಳಿಗೆ, ವ್ಯಾಗನ್ ಹಾಕಿ, ಖಾಲಿಯವನ್ನು ಎಳೆದುಕೊಂಡು, ಬ್ರೇಕ್ ಪರೀಕ್ಷೆ ಮುಗಿಸಬೇಕು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಎಲ್ಲೋ ಒಂದು ಸಿಕ್ಕಿಕೊಂಡರೆ ಗಾಡಿ ನಡುದಾರಿಯಲ್ಲಿ ನಿಂತಿತು, ಇನ್ನೊಂದು ತಂಡವನ್ನು ಕಳಿಸಬೇಕು. ಹೀಗೆ ವಾರಕ್ಕೆ ಐದು ದಿನ ಬರುತ್ತಿದ್ದ ಗಾಡಿ ಎರಡು ದಿನಕ್ಕೆ ಇಳಿಯುತ್ತದೆ. ಮರದ ಮಂಡಿಯವನೋ ಪ್ಲಾಸ್ಟಿಕ್ ಕಾರ್ಖಾನೆಯವನೋ ಎಷ್ಟು ದಿನ ಕಾದಾನು? ಲಾರಿ ಕರೆಸುತ್ತಾನೆ. ತುಂಬಿದ ವ್ಯಾಗನ್ ಒಂದು 2,86,000 ಪೌಂಡ್, ಹೆಚ್ಚುಕಡಿಮೆ 130 ಟನ್ ತೂಗಬಹುದು. ಲಾರಿಗೆ ಹೆದ್ದಾರಿಯಲ್ಲಿ ಮಿತಿ 80,000 ಪೌಂಡ್. ಒಂದು ವ್ಯಾಗನ್ ಸರಕಿಗೆ ಮೂರು ನಾಲ್ಕು ಲಾರಿ ರಸ್ತೆಗಿಳಿಯುತ್ತವೆ.

ಗಿರಾಕಿ ಹೋದ ಮೇಲೆ ಕಾನೂನಿನ ದಾರಿ ಸಲೀಸು. ಪ್ರಯಾಣಿಕರ ಗಾಡಿ ನಿಲ್ಲಿಸುವುದು ಸೆಪ್ಟಾ ಮಂಡಳಿಯ ತೀರ್ಮಾನ. ಗೂಡ್ಸ್ ಮಾರ್ಗ ಕೈಬಿಡಬೇಕಾದರೆ ಕೇಂದ್ರದ ಭೂಸಾರಿಗೆ ಮಂಡಳಿಯ ಅನುಮತಿ ಬೇಕು. ಆದರೆ ಎರಡು ವರ್ಷ ಸ್ಥಳೀಯ ಸರಕು ಓಡಿಲ್ಲ, ಹಾದುಹೋಗುವ ಸರಕಿದ್ದರೆ ಅದಕ್ಕೆ ಬೇರೆ ದಾರಿಯಿದೆ, ಗಿರಾಕಿಗಳ ದೂರು ಬಾಕಿಯಿಲ್ಲ ಎಂದು ತೋರಿಸಿದರೆ ದೀರ್ಘ ವಿಚಾರಣೆಯಿಲ್ಲದೆ ವಿನಾಯಿತಿ ಸಿಗುತ್ತದೆ.

ಇದಕ್ಕೆ ಅಲ್ಲಿಯದೇ ಉದಾಹರಣೆ ಬೆತ್ಲಹೆಮ್ ಮಾರ್ಗ. 1981ರಲ್ಲಿ ಅಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಕ್ವೇಕರ್‌ಟೌನ್‌ನಿಂದ ದಕ್ಷಿಣಕ್ಕೆ ಗಿರಾಕಿಗಳು ಉಳಿದರು, ಹಳಿಯೂ ಉಳಿಯಿತು. ಉತ್ತರಕ್ಕೆ ಹಳಿ ಕಿತ್ತು, ಒಂದಷ್ಟು ದೂರ ಈಗ ಜನ ನಡೆಯುವ, ಸೈಕಲ್ ತುಳಿಯುವ ಸಾಕನ್ ಹಾದಿಯಾಗಿದೆ. ಹಾದಿ ಚೆನ್ನಾಗಿದೆ, ತಕರಾರಿಲ್ಲ. ಆದರೆ ಅಲ್ಲಿ ಕಾರ್ಖಾನೆ ಕಟ್ಟುವವನಿಗೆ ಸೈಡಿಂಗ್ ಎಂಬ ಆಯ್ಕೆಯೇ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರ, ಬಂಡವಾಳ ಕಾಮಗಾರಿಗೆ ಮೀಸಲಿದ್ದ 39.4 ಕೋಟಿ ಡಾಲರ್‌ವರೆಗಿನ ಹಣವನ್ನು ಎರಡು ವರ್ಷದ ನಿತ್ಯದ ಖರ್ಚಿಗೆ ಬಳಸಲು ಸೆಪ್ಟಾಕ್ಕೆ ಅನುಮತಿ ಕೊಟ್ಟಿತು. ಗಾಡಿಗಳು ಉಳಿದವು, ಸರಿ. ಆದರೆ ಸೇತುವೆ, ಸಿಗ್ನಲ್, ಹಳಿ ಹೊಸದು ಮಾಡುವುದು ಇದೇ ಬಂಡವಾಳದ ಹಣದಿಂದ. ಮಾರ್ಗ ಮುಚ್ಚದೆಯೂ ಹಳಿ ಸೊರಗಬಹುದು ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಂದೆ ಯಾವುದಾದರೂ ಕವಲಿನ ಸರದಿ ಬಂದರೆ, ಕೊನೆಯ ಪ್ಯಾಸೆಂಜರ್ ಗಾಡಿ ಓಡುವ ಮೊದಲೇ ಸರಕು ಕಂಪನಿಯೂ ಗಿರಾಕಿಗಳೂ ಕೂತು ಬರೆಸಿಕೊಳ್ಳಬೇಕಾದದ್ದು ಇಷ್ಟು. ಹಳಿಯನ್ನು ಕನಿಷ್ಠ ಎರಡನೇ ದರ್ಜೆಯಲ್ಲಿ ಇಡುವ ಹೊಣೆ ಯಾರದು? ಸೇತುವೆ, ಮೋರಿ ತಪಾಸಣೆಗೆ ಯಾರು ಹೋಗುತ್ತಾರೆ? ಗೇಟಿನ ರಿಲೇಗಳನ್ನು ಪರೀಕ್ಷಿಸುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಕವಲು ಮುಖ್ಯ ಮಾರ್ಗವನ್ನು ಸೇರುವ ಜಾಗದ ಪಾಯಿಂಟ್. ಬಳಕೆ ಕಡಿಮೆಯಾದಾಗ ಖರ್ಚು ಉಳಿಸಲು ಮೊದಲು ಕೀಳುವುದು ಅದನ್ನೇ. ಅದು ಹೋದರೆ ಆಚೆಗಿನ ಇಪ್ಪತ್ತು ಮೈಲಿ ಹಳಿ ಎಷ್ಟು ಚೆನ್ನಾಗಿದ್ದರೂ ಒಂದು ವ್ಯಾಗನ್ ಒಳಗೆ ಬರುವಂತಿಲ್ಲ. ಹಾಗಾಗಿ ಆ ಪಾಯಿಂಟನ್ನು ಎಷ್ಟು ವರ್ಷ ಮುಟ್ಟುವಂತಿಲ್ಲ, ಅದರ ಖರ್ಚು ಯಾರ ತಲೆಗೆ ಎಂಬುದು ಒಪ್ಪಂದದಲ್ಲಿ ಹೆಸರು ಸಮೇತ ಇರಬೇಕು.

ನಮಸ್ಕಾರ.