ಸಮರಾಭ್ಯಾಸಕ್ಕೆ ಹೊರಟವರು ಎಷ್ಟು ನೀರು ಹೊರಬೇಕು?

[ದೃಶ್ಯ: ಮೇಜಿನ ಮೇಲೆ ಹಸಿರು ಕ್ಯಾನ್ವಾಸ್ ಕವರ್ ಹಾಕಿದ ವಾಟರ್ ಬಾಟಲ್]

ನಮಸ್ಕಾರ. ಸೈನಿಕರು ಸೊಂಟದ ಬೆಲ್ಟಿಗೆ ನೇತುಹಾಕಿಕೊಳ್ಳೋ ಈ ವಾಟರ್ ಬಾಟಲನ್ನ ನೀವೆಲ್ಲ ನೋಡಿರ್ತೀರಿ. ಎನ್‌ಸಿಸಿ ಕ್ಯಾಂಪಿಗೆ ಹೋಗಿ ಬಂದವರಿಗಂತೂ ಇದು ಹಳೇ ಪರಿಚಯ. ಇದರಲ್ಲಿ ಹಿಡಿಯೋದು ಹೆಚ್ಚುಕಮ್ಮಿ ಒಂದು ಲೀಟರ್.

ಈಗ ರಾಜಸ್ಥಾನದ ಬಿಕಾನೇರ್ ಜಿಲ್ಲೆಗೆ ಬನ್ನಿ. ಅಲ್ಲಿನ ಮಹಾಜನ್ ಫೀಲ್ಡ್ ಫೈರಿಂಗ್ ರೇಂಜ್‌ನಲ್ಲೇ 2024ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಅಮೆರಿಕದ ಸೇನೆಗಳ 'ಯುದ್ಧ್ ಅಭ್ಯಾಸ್' ನಡೆದಿದ್ದು. ಬೇಸಿಗೆಯಲ್ಲಿ ಆ ಕಡೆ 45 ಡಿಗ್ರಿ ದಾಟೋದು ದೊಡ್ಡ ಸುದ್ದಿಯೇ ಅಲ್ಲ. ಅಂಥ ಬಿಸಿಲಲ್ಲಿ, ಮರಳಲ್ಲಿ, ಬೆನ್ನ ಮೇಲೆ ಭಾರ ಹೊತ್ತು ನಡೆಯೋ ಜವಾನನ ಮೈಯಿಂದ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಬೆವರು ಇಳಿದುಹೋಗುತ್ತೆ. ಅಂದ್ರೆ ಈ ಬಾಟಲ್ ಒಂದು ಗಂಟೆಗೂ ಸಾಲೋದು ಕಷ್ಟ.

ಹಾಗಾದ್ರೆ ಇಡೀ ದಿನದ ನೀರನ್ನ ಹೊತ್ಕೊಂಡೇ ಹೋಗಬಹುದಲ್ಲ? ಲೆಕ್ಕ ಹಾಕೋಣ. ಕಡು ಬಿಸಿಲಿನ ದಿನ ಮೈಮುರಿದು ಕೆಲಸ ಮಾಡೋ ಸೈನಿಕನಿಗೆ ಹತ್ತು ಲೀಟರ್ ಬೇಕಾಗಬಹುದು. ಲೀಟರಿಗೆ ಒಂದು ಕಿಲೋ, ಅಲ್ಲಿಗೆ ಹತ್ತು ಕಿಲೋ. ಇದಕ್ಕೆ ಮುಂಚೆಯೇ ರೈಫಲ್, ಗುಂಡು, ಹೆಲ್ಮೆಟ್, ಪಿಟ್ಟು ಅನ್ನೋ ಬೆನ್ನುಚೀಲ ಎಲ್ಲ ಸೇರಿ ಇಪ್ಪತ್ತು ಕಿಲೋ ಮೈಮೇಲಿದೆ. ಮೇಲೆ ಇನ್ನೂ ಹತ್ತು ಏರಿಸಿದ್ರೆ ಆ ಭಾರಕ್ಕೇ ಬೆವರು ಹೆಚ್ಚಾಗುತ್ತೆ, ಬೆವರು ಹೆಚ್ಚಾದಷ್ಟೂ ಮತ್ತೆ ನೀರು ಬೇಕು.

ಈ ಇಕ್ಕಟ್ಟಿಗೆ ಹಿಂದೆ ಬಹಳ ಸೇನೆಗಳು ಒಂದು ಸುಲಭದ ಉತ್ತರ ಇಟ್ಕೊಂಡಿದ್ವು. ಜವಾನರಿಗೆ ಕಡಿಮೆ ನೀರು ಕೊಡಿ, ಗಟ್ಟಿಯಾದವನು ಅಷ್ಟರಲ್ಲೇ ಇರೋದನ್ನ ರೂಢಿ ಮಾಡ್ಕೊಳ್ತಾನೆ ಅನ್ನೋದು. ಈ ನಂಬಿಕೆ ಎಷ್ಟು ತಪ್ಪು ಅನ್ನೋದನ್ನ ಹೇಳೋಕೇ ನಾನು ಈ ವಿಡಿಯೋ ಮಾಡ್ತಿರೋದು.

[ದೃಶ್ಯ: ಕ್ಯಾಲಿಫೋರ್ನಿಯಾ ಮರುಭೂಮಿಯ ನಕ್ಷೆ, 1942]

ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ, ಅಮೆರಿಕದ ಜನರಲ್ ಪ್ಯಾಟನ್ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ದೊಡ್ಡ ತರಬೇತಿ ಕೇಂದ್ರ ಶುರುಮಾಡಿದ್ರು. ಅದೇ ಯುದ್ಧಕಾಲದಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ವರ್ಡ್ ಅಡಾಲ್ಫ್ ತಮ್ಮ ತಂಡದ ಜೊತೆ ಮರುಭೂಮಿಗೆ ಹೋಗಿ, ಸೈನಿಕರು ಎಷ್ಟು ಬೆವರ್ತಾರೆ, ಎಷ್ಟು ಕುಡೀತಾರೆ ಅನ್ನೋದನ್ನ ತೂಕ ಮಾಡಿ ಮಾಡಿ ಬರೆದಿಟ್ರು. ಬಾಯಾರಿಕೆ ತಡ್ಕೊಳ್ಳೋ ಅಭ್ಯಾಸ ಮಾಡಿಸಿದ್ರೆ ದೇಹಕ್ಕೆ ನೀರಿನ ಅಗತ್ಯ ಕಡಿಮೆಯಾಗಲ್ಲ. ಕೊಟ್ಟ ನೀರು ಕಡಿಮೆ ಅಂತ ಬೆವರು ನಿಲ್ಲಲ್ಲ. ಆ ಜವಾನ ಬೇಗ ಕುಸೀತಾನೆ, ಅಷ್ಟೇ ವ್ಯತ್ಯಾಸ.

ಬಿಸಿಲಿಗೆ ಮೈ ಒಗ್ಗಿಸ್ಕೊಳ್ಳೋದು ಬೇರೆ ವಿಷಯ, ಅದು ನಿಜವಾಗ್ಲೂ ಆಗುತ್ತೆ. ಹತ್ತು ಹದಿನಾಲ್ಕು ದಿನ ಮೆಲ್ಲಗೆ ಕೆಲಸ ಹೆಚ್ಚಿಸ್ತಾ ಹೋದ್ರೆ ಮೈ ಹೊಂದಿಕೊಳ್ಳುತ್ತೆ. ಆದ್ರೆ ಹೇಗೆ ಹೊಂದಿಕೊಳ್ಳುತ್ತೆ ಗೊತ್ತಾ? ಬೇಗ ಬೆವರೋಕೆ ಶುರುಮಾಡಿ, ಹೆಚ್ಚು ಬೆವರಿ. ಬೆವರಲ್ಲಿ ಹೋಗೋ ಉಪ್ಪು ಕಡಿಮೆಯಾಗುತ್ತೆ, ನೀರು ಮಾತ್ರ ಮೊದಲಿಗಿಂತ ಜಾಸ್ತಿ ಬೇಕು. ಪಳಗಿದ ಸೈನಿಕನಿಗೆ ಒಂದು ಬಾಟಲ್ ಸಾಕು ಅನ್ನೋ ಲೆಕ್ಕಾಚಾರ ಇಲ್ಲಿ ಪೂರ್ತಿ ತಲೆಕೆಳಗಾಗುತ್ತೆ.

ಅಡಾಲ್ಫ್ ತಂಡ ಗಮನಿಸಿದ ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ಸುತ್ತೆ. ಕೈಗೆ ಸಿಗೋ ಹಾಗೆ ಬೇಕಾದಷ್ಟು ನೀರಿಟ್ರೂ, ದುಡಿಯೋ ಮನುಷ್ಯ ಕಳೆದುಕೊಂಡಷ್ಟನ್ನ ಕುಡಿಯಲ್ಲ. ಬಾಯಾರಿಕೆ ಯಾವಾಗ್ಲೂ ಬೆವರಿಗಿಂತ ಹಿಂದೆ ಬೀಳುತ್ತೆ. ಆ ಕೊರತೆ ಬಹುಪಾಲು ತುಂಬೋದು ಊಟಕ್ಕೆ ಕೂತಾಗ. ಹಾಗಾಗಿ ಕವಾಯತಿನ ಗಡಿಬಿಡಿಯಲ್ಲಿ ಊಟ ತಪ್ಪಿಸಿದ್ರೆ ನೀರೂ ತಪ್ಪಿದ ಹಾಗೆ. ಸೆಕ್ಷನ್ ಕಮಾಂಡರ್, ಅಂದ್ರೆ ಜವಾನರ ಚಿಕ್ಕ ಗುಂಪಿನ ಮುಂದಾಳು ಆದವರು ಪ್ರತಿ ವಿರಾಮದಲ್ಲೂ 'ಎಲ್ಲರೂ ಕುಡೀರಿ' ಅಂತ ಹೇಳಿ, ಕುಡಿದದ್ದನ್ನ ಕಣ್ಣಾರೆ ನೋಡಬೇಕು.

[ದೃಶ್ಯ: ಜೆರಿಕ್ಯಾನ್‌ಗಳ ಸಾಲು, ಹಿಂದೆ ನೀರಿನ ಟ್ಯಾಂಕರ್]

ಇನ್ನು ಹೊರೋ ವಿಚಾರ. ಒಂದು ಕಂಪನಿ ಅಂದ್ರೆ ಸುಮಾರು 120 ಜನ. ತಲೆಗೆ ಹತ್ತು ಲೀಟರ್ ಅಂದ್ರೆ ದಿನಕ್ಕೆ 1,200 ಲೀಟರ್, ಅಂದ್ರೆ 20 ಲೀಟರ್ ಹಿಡಿಯೋ ಜೆರಿಕ್ಯಾನ್ 60. ಇದರಲ್ಲಿ ಅಡುಗೆ, ಸ್ನಾನ, ವಾಹನ ಯಾವುದೂ ಸೇರಿಲ್ಲ. ಆದ್ದರಿಂದ ಜವಾನನ ಮೈಮೇಲೆ ಮೂರು ನಾಲ್ಕು ಲೀಟರ್ ಇದ್ರೆ, ಉಳಿದದ್ದು ಗಾಡಿಯಲ್ಲಿ, ಟ್ರೇಲರ್‌ನಲ್ಲಿ ಹಿಂದೆಯೇ ಬರಬೇಕು. ಅದಕ್ಕೂ ಹಿಂದೆ ಎಂಜಿನಿಯರ್ ದಳದವರು ನೀರನ್ನ ಸೋಸಿ, ಕ್ಲೋರಿನ್ ಹಾಕಿ ಕೊಡೋ ವಾಟರ್ ಪಾಯಿಂಟ್ ಇರುತ್ತೆ. ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಇದೇ ಎಂಜಿನಿಯರ್ ದಳದವರು. ಸೇತುವೆ ಕಟ್ಟೋದು, ಮೈನ್ ತೆಗೆಯೋದು ಎಲ್ಲರ ಕಣ್ಣಿಗೂ ಬೀಳುತ್ತೆ, ಈ ನೀರಿನ ಕೆಲಸದ ಬಗ್ಗೆ ಯಾರೂ ಮಾತಾಡಲ್ಲ.

ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಸಿನಾಯ್, ಪ್ಯಾಲೆಸ್ಟೈನ್ ಕಡೆ ಇದ್ದರಲ್ಲ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಬಂದರು ಹೈಫಾ ಗೆದ್ದವರು? ಆ ರಣರಂಗದಲ್ಲಿ ಬ್ರಿಟಿಷ್ ಸೇನೆ ಸೂಯೆಜ್ ಕಾಲುವೆ ಪಕ್ಕದ ಕಂತಾರಾದಿಂದ ಸಿನಾಯ್ ಮರುಭೂಮಿಗೆ ನೀರಿನ ಪೈಪ್ ಹಾಕ್ಕೊಂಡೇ ಮುಂದೆ ಸಾಗಿತ್ತು. ಪೈಪ್ ಮುಗಿಯೋ ಜಾಗದಿಂದಾಚೆಗೆ ಒಂಟೆಗಳ ಮೇಲೆ ನೀರು.

ಮೈಮೇಲೆ ಹೊರೋದಕ್ಕೆ ಈಗ ಎರಡು ದಾರಿ ಇದೆ. ಒಂದು ಈ ಬಾಟಲ್. ಇನ್ನೊಂದು, ಬೆನ್ನಿಗೆ ಹಾಕ್ಕೊಳ್ಳೋ ನೀರಿನ ಚೀಲ, ಅದರಿಂದ ಬಾಯಿ ಹತ್ರಕ್ಕೆ ಒಂದು ಟ್ಯೂಬ್. 1989ರಲ್ಲಿ ಟೆಕ್ಸಾಸ್‌ನ ಸೈಕಲ್ ರೇಸ್ ಒಂದರಲ್ಲಿ ಮೈಕಲ್ ಐಡ್ಸನ್ ಅನ್ನೋರು ಆಸ್ಪತ್ರೆಯ ಡ್ರಿಪ್ ಚೀಲವನ್ನ ಕಾಲುಚೀಲದೊಳಗೆ ತೂರಿಸಿ ಬೆನ್ನಿಗೆ ಕಟ್ಕೊಂಡಿದ್ರಂತೆ. ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಹಾಗೆ. ಇದರ ಲಾಭ ಏನಂದ್ರೆ, ನಡೀತಾ ನಡೀತಾ ಗುಟುಕು ಗುಟುಕಾಗಿ ಕುಡಿಯಬಹುದು, ಕೈ ರೈಫಲ್ ಮೇಲೇ ಇರುತ್ತೆ. ತೊಂದರೆ ಅಂದ್ರೆ ಎಷ್ಟು ಉಳಿದಿದೆ ಅಂತ ಕಾಣಲ್ಲ, ಟ್ಯೂಬ್ ತೊಳೆಯದಿದ್ರೆ ಒಳಗೆ ಬೂಷ್ಟು ಹಿಡಿಯುತ್ತೆ.

ಬಾಟಲಿನ ತೊಂದರೆ ರಾತ್ರಿ ಗೊತ್ತಾಗುತ್ತೆ.

[ಧ್ವನಿ: ಅರ್ಧ ತುಂಬಿದ ಬಾಟಲ್ ಅಲುಗಾಡೋ ಸದ್ದು]

ಈ ಗುಳುಗುಳು ಸದ್ದು ಕೇಳಿಸ್ತಾ? ರಾತ್ರಿ ಗಸ್ತಿನಲ್ಲಿ ಇಷ್ಟು ಸಾಕು, ಎದುರಿನವನಿಗೆ ಸುಳಿವು ಸಿಕ್ಕ ಹಾಗೆ. ಅದಕ್ಕೇ ಅನುಭವಸ್ಥರು ಎರಡು ಬಾಟಲಿಂದ ಸ್ವಲ್ಪ ಸ್ವಲ್ಪ ಕುಡಿಯಲ್ಲ. ಒಂದನ್ನ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಕೈ ಹಾಕ್ತಾರೆ.

ರಾಜಸ್ಥಾನದಲ್ಲಿ ಚಾಗಲ್ ಅಂತ ಒಂದು ದಪ್ಪ ಕ್ಯಾನ್ವಾಸ್ ಚೀಲ ಇದೆ. ನೀರು ತುಂಬಿ ಗಾಡಿಗೆ ನೇತುಹಾಕಿದ್ರೆ, ನಮ್ಮ ಮಣ್ಣಿನ ಮಡಕೆ ಹಾಗೇ ಹೊರಮೈ ಜಿನುಗಿ, ಗಾಳಿಗೆ ಆರಿ, ಒಳಗಿನ ನೀರು ತಣ್ಣಗಾಗುತ್ತೆ. ಸ್ವಲ್ಪ ನೀರು ಜಿನುಗಿ ಹೋಗುತ್ತೆ ನಿಜ, ಆದ್ರೂ ಇದು ದಂಡ ಅಲ್ಲ. ಬಿಸಿಬಿಸಿ ನೀರನ್ನ ಯಾರೂ ಸಾಕಾಗುವಷ್ಟು ಕುಡಿಯಲ್ಲ, ತಣ್ಣಗಿದ್ರೆ ತಾನಾಗೇ ಹೆಚ್ಚು ಕುಡೀತಾರೆ.

ಹಾಗಂತ ಕುಡಿದಷ್ಟೂ ಒಳ್ಳೇದು ಅಂತಲ್ಲ. ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಬರೀ ನೀರನ್ನೇ ವಿಪರೀತ ಕುಡಿದ್ರೆ ರಕ್ತದಲ್ಲಿನ ಸೋಡಿಯಂ ಇಳಿದು, ಮಿದುಳು ಊದಿಕೊಂಡು, ಪ್ರಾಣಕ್ಕೇ ಕುತ್ತು ಬರುತ್ತೆ. ತರಬೇತಿಯಲ್ಲಿದ್ದ ಸೈನಿಕರಲ್ಲಿ ಇಂಥ ಪ್ರಕರಣಗಳು ಕಂಡಮೇಲೆ ಅಮೆರಿಕದ ಸೇನೆ 1998ರಲ್ಲಿ ನಿಯಮ ಬದಲಾಯಿಸ್ತು. ಗಂಟೆಗೆ ಸುಮಾರು 1.4 ಲೀಟರ್, ದಿನಕ್ಕೆ ಸುಮಾರು 11.4 ಲೀಟರ್, ಅದರ ಮೇಲೆ ಬೇಡ. ತಲೆನೋವು, ವಾಂತಿ, ಗೊಂದಲ, ನೀರು ಕಡಿಮೆಯಾದಾಗ್ಲೂ ಹೆಚ್ಚಾದಾಗ್ಲೂ ಒಂದೇ ಥರ ಕಾಣುತ್ತೆ. ಆದ್ರೆ ಒಬ್ಬ ಬಾಟಲ್ ಮೇಲೆ ಬಾಟಲ್ ಕುಡಿದಿದ್ದಾನೆ, ಮೂತ್ರ ನೀರಿನಷ್ಟೇ ತಿಳಿಯಾಗಿದೆ, ಆದ್ರೂ ಸ್ಥಿತಿ ಕೆಡ್ತಾ ಇದೆ ಅಂದ್ರೆ ಮತ್ತೆ ನೀರು ಕುಡಿಸಬೇಡಿ, ತಕ್ಷಣ ವೈದ್ಯರ ಹತ್ರ ಕರ್ಕೊಂಡು ಹೋಗಿ.

ನೀರಿದ್ರೆ ಹೀಟ್ ಸ್ಟ್ರೋಕ್, ಅಂದ್ರೆ ಮೈ ಬಿಸಿ ಮಿತಿಮೀರಿ ಏರೋದು, ಬರಲ್ಲ ಅನ್ನೋದೂ ತಪ್ಪು. 2013ರ ಜುಲೈನಲ್ಲಿ ಬ್ರಿಟನ್ನಿನ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ವಿಶೇಷ ಪಡೆಯ ಆಯ್ಕೆಗೆ ನಡೆದ 16 ಮೈಲಿ ನಡಿಗೆಯಲ್ಲಿ ಮೂವರು ಯುವಕರು ಪ್ರಾಣ ಬಿಟ್ರು. ಅಲ್ಲಿ ಮರುಭೂಮಿ ಇಲ್ಲ, ತಾಪಮಾನ 30ರ ಆಸುಪಾಸು. ಬೆನ್ನ ಮೇಲಿನ ಭಾರ, ಸಮಯದೊಳಗೆ ಮುಗಿಸಲೇಬೇಕು ಅನ್ನೋ ಹಟ, ಇವೆರಡು ಸೇರಿದ್ರೆ ಮೈಯೊಳಗೇ ಬೆಂಕಿ ಏಳುತ್ತೆ. ವಿಶ್ರಾಂತಿ, ನೆರಳು, ಸಾಧ್ಯವಾದ್ರೆ ತಂಪು ಹೊತ್ತಲ್ಲಿ ನಡಿಗೆ, ಇವೂ ನೀರಿನ ಯೋಜನೆಯ ಭಾಗವೇ.

ಸಿಯಾಚಿನ್‌ನಂಥ ಕಡೆ ಸುತ್ತಲೂ ಹಿಮ, ಆದ್ರೆ ಕುಡಿಯಬೇಕಂದ್ರೆ ಕರಗಿಸಬೇಕು. ಅಲ್ಲಿ ನೀರಿನ ಲೆಕ್ಕ ಅಂದ್ರೆ ಸೀಮೆಎಣ್ಣೆಯ ಲೆಕ್ಕ. ಕೊರೆಯೋ ಚಳಿಯಲ್ಲಿ ಬಾಟಲನ್ನ ತಲೆಕೆಳಗಾಗಿ ಇಡಬೇಕು, ಮಂಜು ಕಟ್ಟೋದು ಮೇಲ್ಭಾಗದಿಂದ, ಹಾಗಿಟ್ರೆ ಮುಚ್ಚಳದ ಕಡೆ ತೆರವಾಗಿರುತ್ತೆ.

[ದೃಶ್ಯ: ಅಂಗೈಯಲ್ಲಿ ಕ್ಲೋರಿನ್ ಮಾತ್ರೆ]

ದಾರಿಯಲ್ಲಿ ಹಳ್ಳದ ನೀರು ತುಂಬಿಸ್ಕೊಂಡ್ರೆ, ಕೆಸರಿದ್ರೆ ಮೊದಲು ಬಟ್ಟೆಯಲ್ಲಿ ಸೋಸಿ. ಮಾತ್ರೆ ಹಾಕಿ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ, ಬಾಟಲನ್ನ ಬಗ್ಗಿಸಿ, ಮುಚ್ಚಳದ ತಿರುಪಿನ ಗೆರೆಗಳೂ ಆ ನೀರಲ್ಲಿ ನೆನೆಯೋ ಹಾಗೆ ಮಾಡಿ. ಇಲ್ಲದಿದ್ರೆ ಒಳಗಿನ ನೀರು ಶುದ್ಧ, ತುಟಿ ತಾಗೋ ಜಾಗ ಹಾಗೇ ಕೊಳಕು. ಆಮೇಲೆ ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆಗೆ ಇನ್ನೊಂದು ಬಾಟಲಲ್ಲಿ ನೀರಿರಬೇಕಲ್ಲ, ಅದಕ್ಕೇ ಎರಡೂ ಖಾಲಿಯಾಗೋ ತನಕ ಕಾಯದೆ, ಮೊದಲನೇದು ಮುಗಿದ ಮೇಲೆ ಸಿಗೋ ಮೊದಲ ನೀರಲ್ಲೇ ತುಂಬಿಸ್ಕೊಂಡುಬಿಡಿ.