ಹಳದಿ ಅಂಚಿನ ಕತ್ತಾಳೆಗೆ ಹಸಿರು ಮರಿ ಹುಟ್ಟಿದ್ದು ಹೇಗೆ?

ನಮಸ್ಕಾರ. ಜಯನಗರದ ವೀಕ್ಷಕರೊಬ್ಬರು ಕಳುಹಿಸಿದ ಈ ಚಿತ್ರದಲ್ಲಿ ಹಳದಿ ಅಂಚಿನ ಕತ್ತಾಳೆಯ ಬುಡದಲ್ಲಿ ಮೂರು ಮರಿಗಳಿವೆ. ಎರಡಕ್ಕೆ ತಾಯಿಯಂತೆಯೇ ಹಳದಿ ಅಂಚಿದೆ, ಮೂರನೆಯದು ಅಪ್ಪಟ ಹಸಿರು. "ಗೊಬ್ಬರ ಕಡಿಮೆಯಾಯಿತೇ, ಇಲ್ಲವೇ ನರ್ಸರಿಯವರು ಮೋಸ ಮಾಡಿದರೇ?" ಎಂದು ಅವರು ಕೇಳಿದ್ದಾರೆ. ಎರಡೂ ಅಲ್ಲ.

ಕತ್ತಾಳೆ ಮೆಕ್ಸಿಕೋ ಕಡೆಯಿಂದ ಬಂದು, ನಮ್ಮ ಹೊಲಗಳ ಬೇಲಿಯಾಗಿ ನೆಲೆಸಿದ ಗಿಡ. ಲೋಳೆಸರದಂತೆ ಕಂಡರೂ ಅದರ ಹತ್ತಿರದ ಬಂಧುವಲ್ಲ. ಪರಿಚಯ ಇಷ್ಟು ಸಾಕು, ಏಕೆಂದರೆ ನಾನು ಹೋಳಿಗೆಯ ವಿಷಯಕ್ಕೆ ಬರಬೇಕಾಗಿದೆ.

(ದೃಶ್ಯ: ಬಾಳೆಎಲೆಯ ಮೇಲೆ ತಟ್ಟುತ್ತಿರುವ ಹೋಳಿಗೆ)

ಅರಿಶಿನ ಬೆರೆಸಿದ ಹಳದಿ ಕಣಕದೊಳಗೆ ಹೂರಣ ತುಂಬಿ ತಟ್ಟಿದಾಗ, ನಡುವೆ ತೆಳುವಾದ ಕಣಕದ ಮೂಲಕ ಹೂರಣದ ಬಣ್ಣ ಕಾಣುತ್ತದೆ. ಹೂರಣ ತಲುಪದ ಅಂಚಿನಲ್ಲಿ ಮಾತ್ರ ಬರೀ ಕಣಕ ಉಳಿಯುತ್ತದೆ. ಈಗ ಹೂರಣ ಹಸಿರೆಂದು ಊಹಿಸಿಕೊಳ್ಳಿ. ಕತ್ತಾಳೆಯ ಬೆಳೆಯುವ ತುದಿಯಲ್ಲಿರುವ ಜೀವಕೋಶಗಳೂ ಹೀಗೆಯೇ ಪದರ ಪದರವಾಗಿದ್ದು, ಹೊರಪದರದ ಕೋಶಗಳು ಪತ್ರಹರಿತ್ತನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿದ್ದರೆ ಎಲೆಯ ಅಂಚು ಹಳದಿಯಾಗುತ್ತದೆ, ಒಳಪದರ ಕಳೆದುಕೊಂಡಿದ್ದರೆ 'ಮೀಡಿಯೊಪಿಕ್ಟಾ' ತಳಿಯಂತೆ ಅಂಚು ಹಸಿರಾಗಿ ನಡುಪಟ್ಟೆ ಬಿಳಿಚಿಕೊಳ್ಳುತ್ತದೆ. ಒಂದೇ ಗಿಡದಲ್ಲಿ ಎರಡು ಬಗೆಯ ಕೋಶಗಳು ಹೀಗೆ ಕೂಡಿ ಬಾಳುವುದನ್ನು ಸಸ್ಯಶಾಸ್ತ್ರದಲ್ಲಿ ಕೈಮೀರಾ ಎನ್ನುತ್ತಾರೆ.

ಕಣಕ ಹರಿದು ಹೂರಣ ಹೊರಬರುವುದನ್ನು ಹೋಳಿಗೆ ತಟ್ಟಿದವರೆಲ್ಲರೂ ಕಂಡಿರುತ್ತಾರೆ, ನಾನಂತೂ ಪ್ರತಿ ಯುಗಾದಿಗೂ ಕಾಣುತ್ತೇನೆ. ನಮ್ಮ ವೀಕ್ಷಕರ ಮೂರನೆಯ ಮರಿಯಲ್ಲಿ ಆಗಿರುವುದೂ ಅದೇ: ಒಳಗಿನ ಹಸಿರು ಕೋಶಗಳೇ ಹೊರಪದರದ ಜಾಗವನ್ನು ಹಿಡಿದಿವೆ. ಪೂರ್ತಿ ಹಸಿರಾದ ಮರಿ ಹೆಚ್ಚು ಆಹಾರ ತಯಾರಿಸಿ ಬೇಗ ಬೆಳೆಯುವುದರಿಂದ ಅಂಚಿನ ಮರಿಗಳನ್ನು ಅದುಮಿಬಿಡಬಹುದು. ಇದಕ್ಕೆ ತದ್ವಿರುದ್ಧವಾಗಿ ಪೂರ್ತಿ ಬಿಳಿಯ ಮರಿಯೂ ಕೆಲವೊಮ್ಮೆ ಹುಟ್ಟುತ್ತದೆ. ನೋಡಲು ಬಲು ಚೆಂದ, ಆದರೆ ತಾಯಿಗಿಡದಿಂದ ಬಿಡಿಸಿದ ಮೇಲೆ ಅದಕ್ಕೆ ಉಪವಾಸವೇ ಗತಿ.

ಸಮಯ ಮುಗಿಯುತ್ತಿರುವುದರಿಂದ ಆರೈಕೆಯನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಹಸಿರಿಲ್ಲದ ಅಂಚು ಬೇಗ ಸುಡುತ್ತದೆ, ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿಯ ಮೇಲೆ ತುಸು ನೆರಳಿರಲಿ. ಬೆಂಗಳೂರಿನಲ್ಲಿ ಈ ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆಗಾಲದ ಬುಡಕೊಳೆಯಿಂದ, ಹಾಗಾಗಿ ಕೆಂಪು ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳನ್ನೂ ಸಣ್ಣ ಜಲ್ಲಿಯನ್ನೂ ಬೆರೆಸಿ, ಕುಂಡದ ಅಡಿಯಲ್ಲಿ ತಟ್ಟೆ ಇಡಬೇಡಿ. ಎಲೆಯ ರಸ ತಗುಲಿದರೆ ತುರಿಕೆಯಾಗುತ್ತದೆ, ಕೈಗವಸು ಹಾಕಿಕೊಳ್ಳಿ. ಇದು ಬಾಳೆಯಂತೆ ಒಮ್ಮೆ ಹೂಬಿಟ್ಟು ಸಾಯುವ ಗಿಡ, ಬೀಜದಿಂದ ಅದೇ ಅಂಚು ಬರುತ್ತದೆಂದು ನಂಬುವಂತಿಲ್ಲ; ಆದ್ದರಿಂದ ಅಂಚಿರುವ ಆ ಎರಡು ಮರಿಗಳನ್ನು ಜೋಪಾನ ಮಾಡಿ.

ಹಸಿರು ಮರಿಯನ್ನು ಬಿಡಿಸಿ, ಕತ್ತರಿಸಿದ ಜಾಗವನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಬೇರೆ ಕುಂಡದಲ್ಲಿ ನೆಡಿ. ಅದೂ ಒಳ್ಳೆಯ ಕತ್ತಾಳೆಯೇ, ಹೂರಣ ಹೊರಬಂದ ಹೋಳಿಗೆಯನ್ನು ಯಾರೂ ಎಸೆಯುವುದಿಲ್ಲವಲ್ಲ.